ಹಳೇ ರೈಫಲ್ಲಿನ ಹಿಡಿಗೆ ಅಂಟಿದ ಹೊಗೆ: ಬಿಡಿಸುವ ಸೂತ್ರಗಳು

ನನ್ನ ಕೈಗೆ ಬಂದ .315 ರೈಫಲ್ಲು ಎಷ್ಟೋ ವರ್ಷ ಬೆಲ್ಲದ ಗಾಣದ ಮಗ್ಗುಲ ಕೋಣೆಯಲ್ಲಿ ಇದ್ದದ್ದು. ಹೆಗಲಿಗೆ ಆನಿಸಿದರೆ ಸಾಕು, ಕೆನ್ನೆಯ ಹತ್ತಿರವೇ ಕಬ್ಬಿನ ಸಿಪ್ಪೆ ಸುಟ್ಟ ಕಮಟು. ಅದನ್ನು ಬಿಡಿಸಲು ಒಂದು ಬೇಸಿಗೆಯೇ ಹಿಡಿಯಿತು. ಕಲಿತದ್ದು ಇಷ್ಟು.

1. ಮೊದಲು ಕಾಗದ. ಲೈಸೆನ್ಸು ನಿಮ್ಮ ಹೆಸರಲ್ಲಿದ್ದು, ಅದರಲ್ಲಿ ಈ ಬಂದೂಕು ದಾಖಲಾದ ಮೇಲೆಯೇ ಮನೆಗೆ ತನ್ನಿ. ಕೈಹಚ್ಚುವ ಮುನ್ನ ಗುಂಡಿಲ್ಲವೆಂದು ಎರಡು ಸಲ ನೋಡಿಕೊಳ್ಳಿ. ಮರವನ್ನು ಕಬ್ಬಿಣದಿಂದ ಬೇರ್ಪಡಿಸುವ ಕೆಲಸ ಲೈಸೆನ್ಸಿರುವ ಬಂದೂಕು ಮೇಸ್ತ್ರಿಯದು.

2. ವಾಸನೆಯ ಮನೆ ಹುಡುಕಿ. ಹೊರಮೈಗೆ ಪಾಲಿಶ್ ಇರುತ್ತದೆ, ಹೊಗೆ ಅಲ್ಲಿ ಮೇಲೆಮೇಲೆ ಕೂತಿರುತ್ತದೆ. ಒಳಗೆ ಇಳಿಯುವುದು ಹಸಿ ಮರ ಕಾಣುವ ಎರಡು ಕಡೆ: ನಳಿಗೆ ಕೂರುವ ತೋಡಿನಲ್ಲಿ ಮತ್ತು ಹೆಗಲಿಗೆ ತಾಗುವ ತಗಡಿನ ಕೆಳಗೆ. ನನ್ನದರ ತಗಡಿನ ಎರಡು ಸ್ಕ್ರೂ ಬಿಚ್ಚಿದಾಗ ಮರದ ಅಡ್ಡಕೊಯ್ತದ ಮೇಲೆ ಕಾಡಿಗೆ ಹಚ್ಚಿದಂಥ ಕರಿ ಗೆರೆ. ಬೆರಳಿಟ್ಟರೆ ಅಂಟು. ಮರದ ನಾಳಗಳ ಬಾಯಿ ತೆರೆದಿರುವುದೇ ಅಲ್ಲಿ, ಹೊಗೆಯ ಡಾಂಬರು ಹೀರಿಕೊಳ್ಳುವುದೂ ಅಲ್ಲೇ. ಹೊರಗೆಷ್ಟು ಉಜ್ಜಿದರೂ ಈ ಜಾಗ ಬಿಟ್ಟರೆ ಕೆಲಸ ಆಗಲಿಲ್ಲವೆಂದೇ ತಿಳಿಯಿರಿ.

3. ಗಾಳಿಗೆ ಬಿಡಿ, ನೆರಳಲ್ಲಿ. ನಮ್ಮ ಏಪ್ರಿಲ್ ಬಿಸಿಲಿಗೆ ಇಟ್ಟರೆ ಮರ ಸೀಳುತ್ತದೆ. ಕಾಲವನ್ನೂ ನೋಡಿಕೊಳ್ಳಿ. ನಮ್ಮ ಕಡೆಯ ಉಗಾರದ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವ ದಿನಗಳಲ್ಲಿ ಹೊಲಹೊಲದಲ್ಲಿ ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಬೀಳುತ್ತದೆ. ಆಗ ಹೊರಗಿಟ್ಟರೆ ಹಳೇ ಹೊಗೆಯ ಮೇಲೆ ಹೊಸ ಹೊಗೆ. ಹಂಗಾಮು ಮುಗಿಯಲಿ. ಮರವನ್ನಷ್ಟೇ ಗಾಳಿಗಿಡಿ, ಕಬ್ಬಿಣದ ಭಾಗ ಬೀಗದೊಳಗಿರಲಿ.

4. ಮಿನರಲ್ ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ. ಬಟ್ಟೆ ಚಹಾ ಬಣ್ಣಕ್ಕೆ ತಿರುಗಿದರೆ ಹೊಗೆ ಬಿಡುತ್ತಿದೆ ಎಂದರ್ಥ. ಬಟ್ಟೆ ಬದಲಿಸುತ್ತ ಹೋಗಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

5. ನೀರಲ್ಲಿ ನೆನೆಸಬೇಡಿ. ಅತ್ತರು ಹಚ್ಚಬೇಡಿ.

6. ಇದ್ದಿಲಿನ ಪೆಟ್ಟಿಗೆ ಮಾಡಿ. ಮುಚ್ಚಳವಿರುವ ಟ್ರಂಕಿನಲ್ಲಿ ಮರವನ್ನಿಟ್ಟು ಪಕ್ಕದಲ್ಲಿ ಬಟ್ಟಲು ತುಂಬ ಆಕ್ಟಿವೇಟೆಡ್ ಇದ್ದಿಲು ಇಡಿ. ಎರಡು ಮೂರು ವಾರ ಬಿಡಿ. ಅಡುಗೆ ಸೋಡಾ ಇಡುವವರೂ ಇದ್ದಾರೆ, ಅದು ಮರಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಹಿಡಿ ಅಕ್ರೋಟ್ ಮರದ್ದಾದರೆ ಅದರಲ್ಲಿ ಒಗರು ಹೆಚ್ಚು, ತೇವದ ಸೋಡಾ ತಾಗಿದರೆ ಕಪ್ಪು ಕಲೆ.

7. ಉಳಿದ ವಾಸನೆಗೆ ಬೀಗ ಹಾಕಿ. ಬಡಗಿಗಳು ಬಳಸುವ ಚಪಡಾ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿ, ಆ ಎರಡು ಹಸಿ ಜಾಗಗಳಿಗಷ್ಟೇ ತೆಳ್ಳಗೆ ಎರಡು ಕೈ ಹಚ್ಚಿ. ವಾಸನೆ ಹೊರಬರುವ ದಾರಿ ಮುಚ್ಚುತ್ತದೆ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ.

8. ಹೊರಮೈಗೆ ಕಾಯಿಸಿದ ಅಗಸಿ ಎಣ್ಣೆ. ನಾಲ್ಕು ಹನಿ, ಅಂಗೈಯಿಂದ ಬಿಸಿಯೇಳುವಷ್ಟು ತಿಕ್ಕಿ, ಒರೆಸಿ, ದಿನ ಬಿಟ್ಟು ಮತ್ತೆ. ಹಸಿ ಎಣ್ಣೆಯಾದರೆ ವಾರಗಟ್ಟಲೆ ಅಂಟಂಟು. ಒಂದು ಮಾತು ಖಂಡಿತ ನೆನಪಿಡಿ: ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ. ಚುನಾವಣೆಗೆ ಬಂದೂಕು ಜಮಾ ಮಾಡುವ ದಿನ ಹತ್ತಿರವಿದ್ದರೆ ಎಣ್ಣೆ ಕೆಲಸ ಮುಂದೂಡಿ. ಒಣಗದ ಮರಕ್ಕೆ ಸುತ್ತಿದ ಬಟ್ಟೆ ಅಂಟಿಕೊಳ್ಳುತ್ತದೆ.

9. ಖಂಡೆಪೂಜೆಗೆ (ಆಯುಧಪೂಜೆಗೆ) ಕುಂಕುಮ, ಹೂವು ಇರಲಿ. ಲೋಬಾನ, ಊದಿನಕಡ್ಡಿ ನಾಲ್ಕು ಮಾರು ದೂರ.

10. ಪರೀಕ್ಷೆ ಮಳೆಗಾಲದಲ್ಲಿ. ಒಣ ಹವೆಯಲ್ಲಿ ಸುಮ್ಮನಿದ್ದ ವಾಸನೆ ತೇವಕ್ಕೆ ಎದ್ದು ಬರುತ್ತದೆ. ಮೃಗಶಿರಾ ಮಳೆ ಬಿದ್ದ ಮರುದಿನ ಬೆಳಿಗ್ಗೆ ತಗಡಿನ ಅಂಚಿಗೆ ಮೂಗಿಟ್ಟು ನೋಡಿದೆ. ಅಗಸಿ ಎಣ್ಣೆಯದೊಂದೇ ವಾಸನೆ.