ನಾರಿನ ಹುಡಿಯಲ್ಲಿರುವ ಎಳೆಸಸಿಗಳಿಗೆ ನೀರೂ ಆಹಾರವೂ

ತಟ್ಟೆಯ ಕುಳಿಗಳಲ್ಲಿ ತೆಂಗಿನ ನಾರಿನ ಹುಡಿಯನ್ನು ತುಂಬಿ ಮೆಣಸಿನಕಾಯಿ, ಟೊಮೆಟೊ ಮುಂತಾದ ಸಸಿಗಳನ್ನು ಎಬ್ಬಿಸುವ ಕ್ರಮವು ಈಗ ನಮ್ಮ ಹಳ್ಳಿಗಳಲ್ಲಿಯೂ ಉಂಟು. ಕಳೆದ ವರುಷ ನಾವು ಹೀಗೆ ಬಿತ್ತಿದ ಮೆಣಸಿನ ಸಸಿಗಳಲ್ಲಿ ಅರ್ಧದಷ್ಟು ಬುಡ ಕೊಳೆತು ಬಿದ್ದುಹೋದವು. ತಪ್ಪು ನಮ್ಮದೇ. ಹುಡಿಯ ಮೇಲ್ಭಾಗವು ಒಣಗಿದ್ದನ್ನು ಕಂಡ ಕೂಡಲೆ ನೀರು ಹೊಯ್ದೆವು. ಒಳಗೆ ಅದು ಇನ್ನೂ ತೊಯ್ದೇ ಇತ್ತು. ಯಾಕಂದರೆ ಈ ಹುಡಿಯು ತನ್ನ ತೂಕಕ್ಕಿಂತ ಹಲವು ಪಾಲು ಹೆಚ್ಚು ನೀರನ್ನು ಹಿಡಿದಿಡುವದು. ಆದದರಿಂದ ಕಣ್ಣನ್ನು ನಂಬದೆ ತಟ್ಟೆಯನ್ನು ಕೈಯಿಂದ ಎತ್ತಿ ನೋಡತಕ್ಕದ್ದು. ಹಗುರವಾಗಿದ್ದರೆ ಮಾತ್ರ, ಬೆಳಿಗ್ಗೆಯೇ, ಸಣ್ಣ ತೂತಿನ ಝಾರಿಯಿಂದ, ಅಡಿಯಲ್ಲಿ ನೀರು ತೊಟ್ಟಿಕ್ಕುವ ತನಕ ಹೊಯ್ಯಬೇಕು.

ಇನ್ನು ಆಹಾರದ ಮಾತು. ಮಣ್ಣಿನಲ್ಲಿರುವಂಥ ಸಾರವು ಈ ಹುಡಿಯಲ್ಲಿ ಇಲ್ಲ; ಇರುವದು ಹೆಚ್ಚಾಗಿ ಪೊಟ್ಯಾಶ್, ಉಪ್ಪು. ಉಪ್ಪನ್ನು ಬಿತ್ತುವ ಮೊದಲೇ ಸಿಹಿನೀರಿನಲ್ಲಿ ಎರಡು ಮೂರು ಸಾರಿ ತೊಳೆದು ಕಳೆಯಬೇಕು. ಬೀಜದೆಲೆಗಳು ಮಾತ್ರ ಇರುವಾಗ ಗೊಬ್ಬರ ಬೇಡ. ನಿಜವಾದ ಎಲೆ ಮೂಡಿದ ಮೇಲೆ 19:19:19 ಎಂಬ ಕರಗುವ ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಮಿನಂತೆ ವಾರಕ್ಕೊಮ್ಮೆ ಕೊಡಬಹುದು. ಬೇಗ ಬೆಳೆಯಲೆಂದು ಹೆಚ್ಚು ಹಾಕುವವರು ಎಲೆಯಂಚು ಸುಡುವದನ್ನೇ ಕಾಣುವರು.

ಮತ್ತೊಂದು ಸಂಗತಿ ಉಂಟು. ಈ ಹುಡಿಯು ಸುಣ್ಣದ ಅಂಶವನ್ನು ತಾನೇ ಹಿಡಿದುಕೊಂಡು ಸಸಿಗೆ ಕಡಿಮೆಮಾಡುವದು. ಎಳೆಯ ಎಲೆಗಳ ತುದಿ ಕಂದಿ ಮುರುಟಿದರೆ ಕ್ಯಾಲ್ಸಿಯಂ ನೈಟ್ರೇಟನ್ನು ತೆಳುವಾಗಿ ಕಲಸಿ ಬೇರೆ ದಿನ ಕೊಡಿರಿ. ಮೇಲೆ ಹೇಳಿದ ಗೊಬ್ಬರದೊಂದಿಗೆ ಬೆರೆಸಿದರೆ ಎರಡೂ ಸೇರಿ ಗಸಿಯಾಗಿ ತಳಕ್ಕಿಳಿಯುವವು. ಆದರೂ ಮೆಣಸಿನ ಸಸಿಗೆ ನುಸಿಯಿಂದಲೂ ಮುರುಟು ಬರುವದರಿಂದ, ಗೊಬ್ಬರಕ್ಕೆ ಕೈಹಾಕುವ ಮೊದಲು ಎಲೆಯ ಅಡಿಯನ್ನು ತಿರುವಿ ನೋಡಿರಿ.