ತೊಟ್ಟಿಕ್ಕುವ ಪೆಟ್ರೋಲು: ಹಳೆಯ ಮೋಟಾರು ಸೈಕಲ್ಲಿನ ಒಂದು ಪಾಠ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಿಂದಲೂ 1973ರಿಂದ ಯೆಜ್ಡಿ ಎಂಬ ಹೆಸರಿನಿಂದಲೂ ತಯಾರಾದ ಮೋಟಾರು ಸೈಕಲ್ಲುಗಳು, 1996ರಲ್ಲಿ ಆ ಕಾರ್ಖಾನೆ ಮುಚ್ಚಿದ ತರುವಾಯವೂ ನಮ್ಮ ನಾಡಿನ ಹಲವು ಮನೆಗಳಲ್ಲಿ ಉಳಿದುಕೊಂಡಿವೆ. ಇಂತಹ ಹಳೆಯ ವಾಹನಗಳನ್ನು ಕಾಪಾಡಿಕೊಂಡು ಬಂದವರನ್ನು ಒಮ್ಮೆಯಾದರೂ ಕಾಡುವ ತೊಂದರೆಯೆಂದರೆ ಕಾರ್ಬ್ಯುರೇಟರಿನಿಂದ ಪೆಟ್ರೋಲು ಸೋರುವುದು. ಭಾಷಾಪಂಡಿತನಿಗೆ ಈ ಉಸಾಬರಿಯೇಕೆಂದು ವಾಚಕರು ನಗಬಹುದು. ಆದರೆ ಕಾರ್ಯವನ್ನು ಕಂಡು ಕಾರಣವನ್ನು ಅರಿಯುವುದು ಎಲ್ಲ ಶಾಸ್ತ್ರಗಳಿಗೂ ಸಮಾನವಾದ ಮಾರ್ಗವಷ್ಟೆ.

ಮೊದಲು ರಚನೆಯನ್ನು ತಿಳಿಯೋಣ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿ ಫ್ಲೋಟ್ ಎಂಬ ತೇಲುಬುರುಡೆಯಿದೆ. ಪೆಟ್ರೋಲು ಏರಿದಂತೆ ಅದೂ ಏರಿ, ಒಂದು ಸೂಜಿಯನ್ನು ಅದರ ಪೀಠಕ್ಕೆ ಒತ್ತಿ, ಒಳಹರಿವನ್ನು ತಡೆಯುತ್ತದೆ. ಮಹಡಿಯ ಮೇಲಿನ ನೀರಿನ ತೊಟ್ಟಿಯಲ್ಲಿ ಕಾಣುವ ಏರ್ಪಾಡೇ ಇದು. ಸೂಜಿಯ ಕೆಳಗೆ ಕಸ ಸಿಕ್ಕಿದರೆ, ಸೂಜಿಯ ತುದಿ ಸವೆದು ಗೆರೆಬಿದ್ದರೆ, ಅಥವಾ ಬುರುಡೆ ತೂತಾಗಿ ಮುಳುಗಿದರೆ ಬಟ್ಟಲು ತುಂಬಿ ಹೊರಚೆಲ್ಲುತ್ತದೆ. ಕೆಲವೊಮ್ಮೆ ಆ ಪೆಟ್ರೋಲು ಎಂಜಿನ್ನಿನೊಳಕ್ಕೂ ಇಳಿಯುತ್ತದೆ.

ನನ್ನ ವಾಹನ ಮೊದಲ ಸಲ ಸೋರಿದಾಗ ನಾನು ಬಟ್ಟಲಿನ ತಿರುಪುಗಳನ್ನು ಬಲವಾಗಿ ಬಿಗಿದೆನು. ಅಂಚು ಸೊಟ್ಟಗಾಗಿ ಸೋರಿಕೆ ಇಮ್ಮಡಿಯಾಯಿತು. ದೋಷವಿದ್ದುದು ಸೂಜಿಯಲ್ಲಿ, ನಾನು ದಂಡಿಸಿದ್ದು ಬಟ್ಟಲನ್ನು. ಹನಿ ಬೀಳುವ ಸ್ಥಳವೇ ದೋಷದ ಸ್ಥಳವೆಂದು ಭಾವಿಸಿದ್ದೇ ನನ್ನ ತಪ್ಪು.

ಆದುದರಿಂದ ಪರೀಕ್ಷೆಗೆ ಒಂದು ಕ್ರಮವಿರಬೇಕು. ಎಂಜಿನ್ನು ತಣ್ಣಗಾದ ಮೇಲೆ ವಾಹನವನ್ನು ಬಯಲಿನಲ್ಲಿ ನೆಟ್ಟಗೆ ನಿಲ್ಲಿಸಿ, ಎಲ್ಲವನ್ನೂ ಒರೆಸಿ, ಪೆಟ್ರೋಲಿನ ನಲ್ಲಿಯನ್ನು ತೆರೆದು, ಮೊದಲ ತೇವ ಎಲ್ಲಿ ಮೂಡುವುದೆಂದು ನೋಡಬೇಕು. ನಲ್ಲಿಯಲ್ಲಿ ಮೂಡಿದರೆ ಅದರ ಒಳಗಿನ ಬಿರಡೆ ಅಥವಾ ರಬ್ಬರು, ಕೊಳವೆಯಲ್ಲಾದರೆ ಬಿರಿದ ಕೊಳವೆ, ಬಟ್ಟಲಿನ ಸಂದಿನಲ್ಲಾದರೆ ಗ್ಯಾಸ್ಕೆಟ್ಟು ಕಾರಣ. ಇವೆಲ್ಲ ಒಣಗಿದ್ದು, ಹೆಚ್ಚುವರಿ ಪೆಟ್ರೋಲು ಹೊರಹೋಗುವ ರಂಧ್ರದಿಂದ ಸುರಿದರೆ ಸೂಜಿಯನ್ನೂ ಬುರುಡೆಯನ್ನೂ ಶಂಕಿಸಬೇಕು. ಬುರುಡೆಯನ್ನು ಕಿವಿಯ ಬಳಿ ಅಲುಗಿಸಿದಾಗ ಒಳಗೆ ದ್ರವದ ಸದ್ದಾದರೆ ಅದು ತೂತಾಗಿದೆ. ಹೊಸದನ್ನು ಹಾಕುವುದೇ ಲೇಸು. ಹಿತ್ತಾಳೆಯದೆಂದು ಬೆಸುಗೆ ಹಾಕಿದರೆ ತೂಕ ಹೆಚ್ಚಿ, ಪೆಟ್ರೋಲಿನ ಮಟ್ಟ ಏರುತ್ತದೆ. ಒಳಗೆ ಉಳಿದ ಪೆಟ್ರೋಲು ಸಿಡಿಯುವ ಭಯವೂ ಉಂಟು. ಸೂಜಿಯ ಪೀಠವನ್ನು ಮೃದುವಾದ ಬಟ್ಟೆಯಿಂದ ಒರೆಸಬೇಕೇ ಹೊರತು ತಂತಿಯಿಂದ ಕೆರೆಯಬಾರದು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುವುದರಿಂದ ಅದನ್ನು ತಾಳುವ ರಬ್ಬರಿನ ಭಾಗಗಳನ್ನೇ ಕೇಳಿ ತರಬೇಕು.

ಕೊನೆಯದಾಗಿ ಒಂದು ಮಾತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದು. ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ ಕಿಡಿಗಾಗಿ ಕಾಯುತ್ತದೆ. ಮನೆಯೊಳಗೆ ಸೋರುವ ವಾಹನವಿದ್ದರೆ ಬೀಡಿ, ದೀಪ, ಒಲೆಗಳು ಹತ್ತಿರ ಬರಕೂಡದು. ವಿದ್ಯುತ್ತಿನ ಗುಂಡಿಯನ್ನೂ ಒತ್ತಬಾರದು. ನಿಲ್ಲಿಸಿದಾಗಲೆಲ್ಲ ನಲ್ಲಿಯನ್ನು ಮುಚ್ಚುವುದು ಒಳ್ಳೆಯ ಅಭ್ಯಾಸ. ಆದರೆ ಅದು ರಕ್ಷಣೆಯೇ ಹೊರತು ಚಿಕಿತ್ಸೆಯಲ್ಲ. ಮೂಲವನ್ನು ಹುಡುಕದೆ ಹನಿಯನ್ನು ಒರೆಸುತ್ತಿದ್ದರೆ, ಮರುದಿನ ಮತ್ತೆ ಒರೆಸಬೇಕಾಗುತ್ತದೆ.