ಕರಿ ಬೂದಿಯ ತೋಟ

ಅಕ್ಕಂದಿರೇ, ಒಲೆಯ ಬೂದಿಯನ್ನು ನೀವು ಏನು ಮಾಡುತ್ತೀರಿ? ಪಾತ್ರೆ ತಿಕ್ಕುತ್ತೀರಿ. ಉಳಿದದ್ದನ್ನು ತಿಪ್ಪೆಗೆ ಹಾಕುತ್ತೀರಿ. ಬೂದಿಯ ನಡುವೆಯೇ ದ್ರಾಕ್ಷಿ ಬೆಳೆಯುವ ಊರು ಒಂದಿದೆ. ಅದರ ಹೆಸರು ಲಾನ್ಸರೋಟೆ. ಓದಲು ಕಷ್ಟವೇ? ಬಿಡಿಸಿ ಓದಿ: ಲಾನ್-ಸ-ರೋ-ಟೆ.

ಅದು ಒಂದು ನಡುಗಡ್ಡೆ. ಸುತ್ತ ಸಮುದ್ರ, ನಡುವೆ ನೆಲ. ಆಫ್ರಿಕಾದ ಕರಾವಳಿಗೆ ಹತ್ತಿರ ಇದೆ. ಆದರೆ ಸ್ಪೇನ್ ದೇಶಕ್ಕೆ ಸೇರಿದ್ದು. ಚಳಿಗಾಲದಲ್ಲೂ ಅಲ್ಲಿ ಹಿತವಾದ ಬಿಸಿಲು. ಅದಕ್ಕೇ ಯುರೋಪಿನ ಜನ ರಜೆ ಕಳೆಯಲು ಅಲ್ಲಿಗೆ ಹೋಗುತ್ತಾರೆ. ನಾನು ಹೋದವಳಲ್ಲ. ಓದಿ ತಿಳಿದದ್ದನ್ನು ಹೇಳುತ್ತಿದ್ದೇನೆ.

ಹಿಂದೆ ಅಲ್ಲಿ ಗೋಧಿ, ಬಾರ್ಲಿ ಬೆಳೆಯುತ್ತಿದ್ದರು. 1730ನೇ ಇಸವಿ ಸೆಪ್ಟೆಂಬರ್ 1ರ ರಾತ್ರಿ ನೆಲ ಬಿರಿಯಿತು. ಭೂಮಿಯ ಆಳದಲ್ಲಿ ಬಹಳ ಕಾವು ಇರುತ್ತದೆ. ಆ ಕಾವಿಗೆ ಕಲ್ಲೂ ಬೆಲ್ಲದ ಪಾಕದಂತೆ ಕರಗುತ್ತದೆ. ಅದು ಉಕ್ಕಿ ಹೊರಗೆ ಬಂದರೆ ಲಾವಾರಸ ಎನ್ನುತ್ತಾರೆ. ಅದನ್ನು ಉಗುಳುವ ಬೆಟ್ಟವೇ ಜ್ವಾಲಾಮುಖಿ. ಒಂದು ದಿನವಲ್ಲ, ಎರಡು ದಿನವಲ್ಲ, 1736ರವರೆಗೆ ಬೆಂಕಿ ಬಿಟ್ಟು ಬಿಟ್ಟು ಉಕ್ಕಿತು. ನಡುಗಡ್ಡೆಯ ಸುಮಾರು ಕಾಲು ಭಾಗ ಲಾವಾರಸದ ಕೆಳಗೆ ಹೋಯಿತು. ಎಷ್ಟೋ ಹಳ್ಳಿಗಳು ಹೂತುಹೋದವು. ಯೈಸಾ ಎಂಬ ಊರಿನ ಪಾದ್ರಿ ಕಂಡದ್ದನ್ನೆಲ್ಲ ಬರೆದಿಟ್ಟರು. ಆ ರಾತ್ರಿಯ ತಾರೀಖು ಇವತ್ತು ನಮಗೆ ಗೊತ್ತಿರುವುದು ಆ ಬರಹದಿಂದ. ಬರೆದಿಟ್ಟದ್ದರ ಗುಣ ನೋಡಿ!

ನಮ್ಮ ಕಲಿಕಾ ಕೇಂದ್ರದಲ್ಲಿ ಇದನ್ನು ಹೇಳಿದಾಗ ಒಬ್ಬ ಅಜ್ಜಿ ಕೇಳಿದರು: "ಅಲ್ಲಾ ಟೀಚರಮ್ಮ, ಹೊಲಾನೇ ಹೂತೋದ್ಮೇಲೆ ಜನ ಏನ್ ತಿಂದ್ರು?"

ಸರಿಯಾದ ಪ್ರಶ್ನೆ. ಅನೇಕರು ಊರು ಬಿಟ್ಟು ಪಕ್ಕದ ನಡುಗಡ್ಡೆಗೆ ಹೋದರು. ಉಳಿದವರು ಒಂದು ಸಂಗತಿ ಗಮನಿಸಿದರು. ಬೂದಿ ತೆಳ್ಳಗೆ ಬಿದ್ದ ಕಡೆ ಗಿಡ ಮೊದಲಿಗಿಂತ ಚೆನ್ನಾಗಿ ಬರುತ್ತಿತ್ತು! ಕೆದಕಿದರೆ ಕೆಳಗೆ ಮಣ್ಣು ತೇವ.

ಹೇಗೆ ಅಂತೀರಾ? ಇದು ಒಲೆಯ ಬೂದಿಯಂಥ ನುಣ್ಣನೆಯ ಪುಡಿ ಅಲ್ಲ. ಕರಿ ಹರಳು. ತುಂಬ ಹಗುರ, ಮೈಯೆಲ್ಲ ತೂತು. ಮಳೆ ಬಿದ್ದರೆ ನೀರು ಹರಿದುಹೋಗದೆ ಹರಳಿನ ಸಂದಿಯಲ್ಲಿ ಕೆಳಗಿಳಿಯುತ್ತದೆ. ಇಳಿದ ಮೇಲೆ ಬಿಸಿಲಿಗೂ ಗಾಳಿಗೂ ಸಿಗುವುದಿಲ್ಲ. ರಾತ್ರಿಯ ಇಬ್ಬನಿಯೂ ಹರಳಿಗೆ ಸಿಕ್ಕುತ್ತದೆ. ಹಸಿ ಮಣ್ಣಿಗೆ ಕಂಬಳಿ ಹೊದಿಸಿದ ಹಾಗೆ. ಆ ಊರಿನ ಮಳೆಯಾದರೂ ಎಷ್ಟು? ವರ್ಷಕ್ಕೆ ಸುಮಾರು 150 ಮಿಲಿಮೀಟರ್. ಇಡೀ ವರ್ಷದ ಮಳೆ ಬಿದ್ದಲ್ಲೇ ನಿಂತರೂ ಒಂದು ಗೇಣು ಎತ್ತರ ಆಗದು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ.

ಲಾ ಹೆರಿಯಾ ಎಂಬಲ್ಲಿ ಬೂದಿ ಬಹಳ ದಪ್ಪ. ಅಲ್ಲಿ ಹಳೆಯ ಮಣ್ಣು ಸಿಗುವ ತನಕ ಗುಂಡಿ ತೋಡಿದರು. ಕೆಲವು ಗುಂಡಿ ಒಂದಾಳಿಗಿಂತ ಆಳ. ತಳದಲ್ಲಿ ದ್ರಾಕ್ಷಿ ಬಳ್ಳಿ ನೆಟ್ಟರು. ಅಲ್ಲಿ ಗಾಳಿ ಜೋರು. ಅದಕ್ಕೆ ಗುಂಡಿಯ ಅಂಚಿಗೆ ಅರ್ಧ ಚಂದ್ರನ ಹಾಗೆ ಮೋಟು ಗೋಡೆ ಕಟ್ಟಿದರು. ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಇಂಥ ಗುಂಡಿಗಳು ಸಾವಿರಾರು. ದೂರದಿಂದ ನೋಡಿದರೆ ಪಡ್ಡಿನ ಹಂಚೇ ಸರಿ: ಕರಿ ಹಂಚು, ಗುಳಿ ಗುಳಿ, ಗುಳಿಗೊಂದು ಹಸಿರು. ಗುಂಡಿಯೊಳಕ್ಕೆ ಯಂತ್ರ ಇಳಿಯುವುದಿಲ್ಲ. ಹಣ್ಣು ಕೊಯ್ಯುವುದೂ ಕೈಯಿಂದಲೇ. ಪ್ರವಾಸಿಗರು ಫೋಟೋ ತೆಗೆದುಕೊಳ್ಳುವುದು ಈ ಕೆಲಸದ್ದೇ, ಅವರಿಗೆ ಅದು ಹೊಳೆಯುವುದೋ ಇಲ್ಲವೋ.

ಇನ್ನೊಂದು ತೋಟ ಕಳ್ಳಿಯದು. ಗ್ವಾತಿಸಾ ಊರಿನ ಸುತ್ತ ಪಾಪಾಸುಕಳ್ಳಿಯ ಹೊಲಗಳಿವೆ. ನಮ್ಮಲ್ಲಿ ಬೇಲಿಗೆ ಇರುವ ಜಾತಿಯದೇ. ಕಳ್ಳಿಯ ಮೇಲೆ ಒಂದು ಸಣ್ಣ ಹುಳು ಸಾಕುತ್ತಾರೆ. ಅದನ್ನು ಒಣಗಿಸಿದರೆ ಕೆಂಪು ಬಣ್ಣ. ಕಾರ್ಖಾನೆಯ ಬಣ್ಣ ಬಂದ ಮೇಲೆ ಆ ವ್ಯಾಪಾರ ಬಿದ್ದುಹೋಯಿತು. ಅಲ್ಲೇ ಒಂದು ದೊಡ್ಡ ಹಳ್ಳ ಇತ್ತು. ಹೊಲಕ್ಕೆ ಹಾಸಲು ಕರಿ ಹರಳು ತೆಗೆದೂ ತೆಗೆದೂ ಆದ ಹಳ್ಳ. ಸೆಸಾರ್ ಮಾನ್ರಿಕೆ ಎಂಬ ಚಿತ್ರಕಾರ ಅದನ್ನು ಕಳ್ಳಿ ತೋಟ ಮಾಡಿದರು. ಅದು 1990ರಲ್ಲಿ ತೆರೆಯಿತು. ಮೆಟ್ಟಿಲು ಮೆಟ್ಟಿಲಾಗಿ ಸುಮಾರು 450 ಜಾತಿಯ ಕಳ್ಳಿ ಗಿಡಗಳಿವೆ.

ಮಾನ್ರಿಕೆ ಆ ನಡುಗಡ್ಡೆಯವರೇ. ಹುಟ್ಟಿದ್ದು 1919ರಲ್ಲಿ. ದೊಡ್ಡ ಪಟ್ಟಣಗಳಲ್ಲಿದ್ದು ಹೆಸರು ಮಾಡಿ ಊರಿಗೆ ಮರಳಿದರು. ಆಗ ಹೋಟೆಲ್ ಕಟ್ಟುವವರು ಬರತೊಡಗಿದ್ದರು. "ಎತ್ತರದ ಕಟ್ಟಡ ಬೇಡ, ಮನೆ ಬಿಳಿ ಇರಲಿ, ರಸ್ತೆ ಬದಿ ಜಾಹೀರಾತು ಬೇಡ" ಎಂದು ಅವರು ಹಟ ಹಿಡಿದರು. ಬಹಳ ಮಟ್ಟಿಗೆ ಗೆದ್ದರು. ತಮ್ಮ ಮನೆಯನ್ನೂ ಲಾವಾರಸ ಆರುವಾಗ ಆದ ಐದು ಗುಳ್ಳೆಗಳ ಒಳಗೇ ಕಟ್ಟಿಕೊಂಡಿದ್ದರು. 1992ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಬೆಂಕಿ ಉಕ್ಕಿದ ತಿಮಾನ್ಫಾಯಾ ಬೆಟ್ಟಗಳಲ್ಲಿ ಕಾವು ಇನ್ನೂ ಇದೆ. ಅಲ್ಲಿ ಗುಂಡಿಗೆ ಒಣ ಪುಳ್ಳೆ ಹಾಕಿದರೆ ತಾನೇ ಹೊತ್ತಿಕೊಳ್ಳುತ್ತದೆ. ಒಂದು ಹೋಟೆಲಿನಲ್ಲಿ ನೆಲದ ಕಾವಿನ ಮೇಲೇ ಮಾಂಸ ಸುಡುತ್ತಾರೆ. ಸೌದೆ ಖರ್ಚೇ ಇಲ್ಲ!

ಈಗ ಅಲ್ಲಿಯವರಿಗೆ ಅನ್ನ ಕೊಡುವುದು ಹೆಚ್ಚಾಗಿ ಪ್ರವಾಸಿಗರೇ. ಆದರೆ ಮನೆ ಬಾಡಿಗೆ ಏರಿದೆ. ಕುಡಿಯುವ ನೀರನ್ನು ಸಮುದ್ರದ ಉಪ್ಪು ತೆಗೆದು ಮಾಡಿಕೊಳ್ಳಬೇಕು. ಅದಕ್ಕೂ ಖರ್ಚು. 2024ರ ಏಪ್ರಿಲ್‌ನಲ್ಲಿ ಆ ಕಡೆಯ ನಡುಗಡ್ಡೆಗಳ ಜನ ಬೀದಿಗಿಳಿದು, ಬರುವವರಿಗೆ ಮಿತಿ ಇರಲಿ ಎಂದು ಕೇಳಿದರು. ದ್ರಾಕ್ಷಿ ಗುಂಡಿಗೆ ಇಳಿಯುವ ಕೈಗಳೂ ಕಡಿಮೆಯಾಗುತ್ತಿವೆ.

ಮಾತಾಡೋಣ: ಕರಿ ಹರಳಿನ ಕೆಳಗೆ ಮಣ್ಣು ಯಾಕೆ ಒಣಗುವುದಿಲ್ಲ? ನಿಮ್ಮ ಹೊಲದಲ್ಲಿ, ಹಿತ್ತಲಲ್ಲಿ ತೇವ ಆರದಂತೆ ಏನು ಹೊದಿಸುತ್ತೀರಿ? ತರಗೆಲೆಯೋ, ಕಬ್ಬಿನ ರವದಿಯೋ? ಅದರ ಹೆಸರನ್ನು ಇಲ್ಲಿ ಬರೆಯಿರಿ.